ಬೀಗ ಹಾಕಿಟ್ಟ ರಕ್ತ ಯಾರಿಗೆ?

ತಂಗಿಗೀಗ ಏಳು ತಿಂಗಳು. ಮೊನ್ನೆ ಫೋನ್ ಮಾಡಿದಾಗ ದನಿಯಲ್ಲಿ ಜೀವವೇ ಇರಲಿಲ್ಲ. ಚೆಕಪ್‌ಗೆ ಹೋದಲ್ಲಿ ಯಾವುದೋ ಕಂಪನಿಯವರು ಕೂರಿಸಿಕೊಂಡು ಮಾತಾಡಿದ್ದಾರೆ. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಿ, ನಾಳೆ ಮಗುವಿಗೆ ಕ್ಯಾನ್ಸರ್ ಬಂದರೆ ಅದೇ ಗತಿ, ಈಗ ದುಡ್ಡಿನ ಮುಖ ನೋಡಬೇಡಿ ಅಂತ. "ಅಕ್ಕಾ, ಮಾಡಿಸದಿದ್ರೆ ನಾವು ಕೆಟ್ಟ ಅಪ್ಪ ಅಮ್ಮ ಆಗ್ತೀವಾ?" ಅಂದಳು. ಬಸುರಿ ಹೆಂಗಸಿನ ಬಾಯಲ್ಲಿ ಇಂಥ ಮಾತು ಬರಿಸಿದರಲ್ಲ ಅಂತ ಹೊಟ್ಟೆ ಉರಿಯಿತು.

ಸಂಜೆ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆ. ಪ್ಯಾರಿಸ್ಸಿನ ಹೆರಿಗೆ ವಾರ್ಡುಗಳಲ್ಲಿ ಸೂಲಗಿತ್ತಿಯಾಗಿದ್ದು ನಿವೃತ್ತರಾದವರು. ಬಳ್ಳಿ ಕತ್ತರಿಸಿದ ಮೇಲೆ ಅದರ ರಕ್ತನಾಳಕ್ಕೆ ಸೂಜಿ ಚುಚ್ಚಿ, ಚೀಲವನ್ನು ತಗ್ಗಿನಲ್ಲಿ ಹಿಡಿಯುವುದು ಹೇಗೆ ಅಂತ ಕೈಯಲ್ಲೇ ಮಾಡಿ ತೋರಿಸಿದರು. ರಕ್ತ ತಾನಾಗಿ ಇಳಿಯುತ್ತದೆ. ತಾಯಿಗೂ ಮಗುವಿಗೂ ನೋವಿಲ್ಲ. ಸಿಗುವುದು ಒಂದು ಸಣ್ಣ ಲೋಟದಷ್ಟು. ಅದರಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳಿರುತ್ತವೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಫ್ರಾನ್ಸಿನಲ್ಲಿ ಸುಮ್ನೆ 'ನಮ್ಮ ಮಗುವಿಗೇ ಇರಲಿ' ಅಂತ ಇಡಿಸಲು ಕಾನೂನು ಬಿಡುವುದಿಲ್ಲ. ಮಗುವಿಗೋ ಒಡಹುಟ್ಟಿದವರಿಗೋ ಕಾಯಿಲೆ ಇದ್ದು, ವೈದ್ಯರು ಬೇಕೆಂದರೆ ಮಾತ್ರ ಅವಕಾಶ. ಉಳಿದಂತೆ ಕೊಡುವುದಾದರೆ ಹೆಸರು ಹೇಳದೆ, ಪುಕ್ಕಟೆಯಾಗಿ ದಾನ ಮಾಡಬೇಕು.

ಅವರು ಆಮೇಲೆ ಕೇಳಿದ ಮಾತು ನನ್ನನ್ನು ಬಿಡುತ್ತಲೇ ಇಲ್ಲ. "ನಿಮ್ಮ ಭಾರತದವರೆಲ್ಲ ಹೀಗೆ ಬೀಗ ಹಾಕಿಟ್ಟರೆ, ನಿಮ್ಮವರದೇ ಇನ್ನೊಂದು ಮಗುವಿಗೆ ಹೊಂದುವ ರಕ್ತ ಎಲ್ಲಿಂದ ತರುವುದು?"

ಹೌದಲ್ವಾ? ಬೇರೆಯವರ ಕಾಂಡಕೋಶ ಕಸಿ ಮಾಡಬೇಕಾದರೆ ಇಬ್ಬರ ಅಂಗಾಂಶದ ಗುಣ ಹೊಂದಬೇಕು; ಅದು ಹೊಂದುವುದು ಜಾಸ್ತಿ ಒಂದೇ ಮೂಲದ ಜನರಲ್ಲಿ. ಜಗತ್ತಿನ ದಾನಿಗಳ ಪಟ್ಟಿಗಳಲ್ಲಿ ನಮ್ಮ ಕಡೆಯವರು ತೀರಾ ಕಡಿಮೆ. ಹೊಕ್ಕುಳಬಳ್ಳಿಯ ರಕ್ತ ಪೂರ್ತಿ ಹೊಂದದಿದ್ದರೂ ನಡೆಯುತ್ತದೆ, ಅದೇ ಅದರ ದೊಡ್ಡ ಗುಣ. 1988ರಲ್ಲಿ ಇದೇ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಮೊದಲ ಸಲ ಈ ರಕ್ತದಿಂದ ಕಸಿ ಮಾಡಿ ಒಬ್ಬ ಹುಡುಗನನ್ನು ಉಳಿಸಿದರು. ಆ ರಕ್ತ ಅವನದಲ್ಲ, ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟದ್ದು. ಥಲಸ್ಸೀಮಿಯಾದಂಥ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಗೆ ಮಗುವಿನ ಸ್ವಂತ ರಕ್ತ ಬಳಸಿ ಏನು ಪ್ರಯೋಜನ? ಅದರಲ್ಲೂ ಅದೇ ದೋಷ. ಕೆಲವು ಮಕ್ಕಳಲ್ಲಿ ಲುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರ್‌ನ, ಬೀಜವೂ ಹುಟ್ಟುವಾಗಲೇ ರಕ್ತದಲ್ಲಿರುತ್ತದೆ.

ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಇಂಥ ಖಾಸಗಿ ಸಂಗ್ರಹವನ್ನು ಶಿಫಾರಸು ಮಾಡುವುದಿಲ್ಲ. ಆ ಮಾತು ತಂಗಿಯ ಕಿವಿಗೆ ಯಾಕೆ ಬೀಳಲಿಲ್ಲ? ಕೊಡುವ ಗುಣವೇನೂ ನಮ್ಮಲ್ಲಿ ಬತ್ತಿಲ್ಲ. ಅಪ್ಪನ ಆಪರೇಷನ್‌ಗೆ ಗುರುತು ಪರಿಚಯ ಇಲ್ಲದ ಹುಡುಗರು ಬಂದು ರಕ್ತ ಕೊಟ್ಟಿದ್ದರು. ಅಮ್ಮ ಅವರ ಕೈ ಹಿಡಿದುಕೊಂಡು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಥ ಜನರಿಗೆ ಹೆದರಿಕೆ ಮಾರುತ್ತಿದ್ದಾರೆ.

ತಂಗಿಗೆ ನೇರವಾಗಿ ಹೇಳಿದೆ. ಮನೆಯಲ್ಲಿ ಥಲಸ್ಸೀಮಿಯಾ ಇರುವ ಮಗು ಇದ್ದಿದ್ದರೆ ಖಂಡಿತ ತೆಗೆದಿಡು ಅಂತಿದ್ದೆ. ನಿಮಗೆ ಅಂಥದ್ದೇನೂ ಇಲ್ಲ. ಅದರ ಬದಲು, ಬಳ್ಳಿ ಕತ್ತರಿಸುವ ಮೊದಲು ಒಂದು ನಿಮಿಷವಾದರೂ ಕಾಯುತ್ತಾರಾ ಅಂತ ಡಾಕ್ಟರನ್ನು ಕೇಳು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಆ ರಕ್ತ ಮಗುವಿನ ಮೈಗೇ ಸೇರಿ, ಮುಂದಿನ ತಿಂಗಳುಗಳಿಗೆ ಕಬ್ಬಿಣದ ಅಂಶ ಕೂಡುತ್ತದೆ.

"ಕೇಳ್ತೀನಿ ಅಕ್ಕ," ಅಂದಳು. "ದಾನ ತಗೊಳ್ಳೋ ಬ್ಯಾಂಕ್ ಹತ್ತಿರದಲ್ಲಿದ್ಯಾ ಅಂತಲೂ ಕೇಳ್ತೀನಿ."