ಪುನರ್ವಸು ಮಳೆಯಲ್ಲಿ ಗೊಬ್ಬರದ ಡ್ರಮ್ಮು

ಚಿಕ್ಕಮಗಳೂರು
ಜುಲೈ 13, 2025, ಭಾನುವಾರ

ಪುನರ್ವಸು ಮಳೆ ಹಿಡಿದದ್ದು ಬಿಟ್ಟಿಲ್ಲ. ಬಟ್ಟೆ ಒಣಗುತ್ತಿಲ್ಲ, ಚಪ್ಪಲಿಗೆ ಬೂಷ್ಟು ಬಂದಿದೆ. ಮನೆಯಲ್ಲಿ ಗೊಬ್ಬರ ಮಾಡುವವರ ಡ್ರಮ್ಮುಗಳು ನಾರುವ ಕಾಲವೂ ಇದೇ. ನಮ್ಮ ಬೀದಿಯಲ್ಲಿ ಈಚೆಗೆ ನಾಲ್ಕಾರು ಮನೆಯವರು ಡ್ರಮ್ಮು ಇಟ್ಟಿದ್ದಾರೆ. ಮೇ ತಿಂಗಳ ತನಕ ಎಲ್ಲರಿಗೂ ಉತ್ಸಾಹ. ಜುಲೈ ಬಂತು ಅಂದರೆ ಒಬ್ಬೊಬ್ಬರೇ ಹಸಿ ಕಸವನ್ನು ಮತ್ತೆ ಗಾಡಿಗೆ ಕೊಡಲು ಶುರು ಮಾಡುತ್ತಾರೆ.

ಬೆಳಿಗ್ಗೆ ಎದುರು ಮನೆ ಅಕ್ಕ ಕೊಡೆ ಹಿಡಿದುಕೊಂಡು ಬಂದರು. "ಏನ್ರೀ, ನಿಮ್ದು ವಾಸನೆ ಬರಲ್ವಾ? ನಮ್ಮನೇಲಿ ಹಿಂದಿನ ಬಾಗಿಲು ತೆಗೆಯೋ ಹಾಗಿಲ್ಲ. ಹುಳ ಬೇರೆ ಬಿದ್ದಿದೆ, ಎತ್ತಿ ಬಿಸಾಕಿ ಅಂತಿದಾರೆ ನಮ್ಮ ಯಜಮಾನ್ರು."

ಹೋಗಿ ಮುಚ್ಚಳ ತೆಗೆದೆ. ಹಲಸಿನ ಸಿಪ್ಪೆ, ದಿಂಡು, ಹಳಸಿದ ಅನ್ನ, ಸೊಪ್ಪಿನ ಕಡ್ಡಿ ಎಲ್ಲಾ ಸೇರಿ ಅಂಬಲಿ ಹಾಗೆ ಕೂತಿತ್ತು. ಕೋಲು ಹಾಕಿ ತಿರುವಿದರೆ ತಳದಿಂದ ಕೊಳೆತ ಮೊಟ್ಟೆಯ ನಾತ. ಒಂದು ಹಿಡಿ ತೆಗೆದು ಹಿಂಡಿದೆ, ನೀರು ಮುಂಗೈ ದಾಟಿ ಇಳಿಯಿತು. ಹದವಾಗಿದ್ದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಅಷ್ಟೇ.

ಹುಳಕ್ಕೆ ಹೆದರಬೇಡಿ ಅಂದೆ. ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಸವನ್ನು ಗಬಗಬ ತಿಂದು ಮುಗಿಸುತ್ತದೆ, ಮನೆ ನೊಣದ ಹಾಗೆ ನಮ್ಮ ಊಟದ ಮೇಲೆ ಬಂದು ಕೂರುವುದಿಲ್ಲ. ಅಕ್ಕ ನನ್ನ ಮುಖ ನೋಡಿದರು, ನಂಬಿದ ಹಾಗೆ ಕಾಣಲಿಲ್ಲ.

ತೊಂದರೆ ಇರುವುದು ನೀರಿನದು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ನೀರು ತುಂಬಿದರೆ ಗಾಳಿಗೆ ಜಾಗ ಉಳಿಯುವುದಿಲ್ಲ. ಆಗ ಗಾಳಿ ಬೇಡದ ಬೇರೆ ಜೀವಿಗಳು ಒಳಗೆ ಸೇರಿ ಕಸವನ್ನು ಕೊಳೆಸುತ್ತವೆ. ನಾತ ಅವುಗಳದ್ದು. ಇನ್ನೊಂದು, ಬರೀ ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕಿದರೆ ಗೊಬ್ಬರ ಸಲೀಸಾಗಿ ಆಗುತ್ತದೆ. ಆ ಇಂಗಾಲ ಬರುವುದು ಒಣ ಎಲೆಯಿಂದ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದೂವರೆ, ಎರಡು ಬುಟ್ಟಿ ತರಗು. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಕೈ ಧಾರಾಳ ಇರಲಿ.

ಈಗ ತರಗು ಎಲ್ಲಿಂದ ತರೋದು ಅಂತ ಅಕ್ಕ ಕೇಳಿದರು. ನನಗೆ ಸಿಟ್ಟು ಬರುವುದೇ ಇಲ್ಲಿ. ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ಎಲೆ ಉದುರಿ ಬೀದಿ ತುಂಬಾ ಬಿದ್ದಿರುತ್ತದೆ. ಸುಮ್ನೆ ಗುಡಿಸಿ ಮೂಲೆಗೆ ತಳ್ಳಿ ಬೆಂಕಿ ಇಡುತ್ತಾರೆ. ಘನತ್ಯಾಜ್ಯ ನಿಯಮದ ಪ್ರಕಾರ ಬೀದಿಯಲ್ಲಿ ಕಸ ಸುಡುವಂತಿಲ್ಲ, ಆದರೆ ತರಗನ್ನು ಕಸ ಅಂತ ಲೆಕ್ಕಕ್ಕೆ ಹಿಡಿದವರು ಯಾರು? ಜುಲೈಯಲ್ಲಿ ಬೇಕಾಗುವ ಸಾಮಾನನ್ನು ಮಾರ್ಚಿನಲ್ಲಿ ಸುಟ್ಟು, ಆಮೇಲೆ ಡ್ರಮ್ಮು ಮಾರಿದವನನ್ನು ಬೈಯುವುದು! ನಮ್ಮ ಮನೆಯ ಮೆಟ್ಟಿಲ ಕೆಳಗೆ ಬೇಸಿಗೆಯಲ್ಲೇ ಗೋಣಿಚೀಲಗಳಲ್ಲಿ ತುಂಬಿಟ್ಟಿರುತ್ತೇನೆ. ಹೊಂಗೆ ಎಲೆ ಬೇಗ ಕರಗುತ್ತದೆ. ತೋಟದಿಂದ ಬರುವ ಸಿಲ್ವರ್ ಓಕ್ ಎಲೆ ಮಾತ್ರ ಮೊಂಡು, ಕೈಯಲ್ಲಿ ಪುಡಿ ಮಾಡಿ ಹಾಕಬೇಕು.

ಒಂದು ಚೀಲ ಅವರಿಗೆ ಕೊಟ್ಟೆ. ಮೊಟ್ಟೆ ಟ್ರೇ, ಹಳೇ ಪೇಪರು ಹರಿದು ಹಾಕಿದರೂ ನಡೆಯುತ್ತದೆ. "ಕಾಫಿ ಚರಟ ಹಾಕ್ತೀನಲ್ಲ, ಅದು ಒಣಗಿದ್ದೇ ಅಲ್ವಾ?" ಅಂದರು. ಕಾಫಿ ಊರಿನವರೇ ಹೀಗೆ! ಚರಟ ನೋಡಲು ಕಂದು, ಲೆಕ್ಕದಲ್ಲಿ ಹಸಿ ಕಸ. ಅದರಲ್ಲಿ ಸಾರಜನಕ ಚೆನ್ನಾಗಿದೆ. ಹಾಕಲಿ, ಜೊತೆಗೆ ತರಗೂ ಹಾಕಲಿ.

ನಮ್ಮ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದರು. ಆಲ್ದೂರು ಕಡೆ ತೋಟದ ಮನೆಯಲ್ಲಿ ಬೆಳೆದವರು. ಅಲ್ಲಿ ತಿಪ್ಪೆಗೆ ದೀಪಾವಳಿಯಲ್ಲಿ ದೀಪ ಇಡುತ್ತಾರೆ, ಡ್ರಮ್ಮಿಗೆ ಏನು ಇಡ್ತೀಯಾ ಅಂತ ನನ್ನನ್ನು ಕೆಣಕುತ್ತಾರೆ. ತಿಪ್ಪೆ ದೊಡ್ಡದು, ಒಳಗೆ ಕಾವು ಕಟ್ಟುತ್ತದೆ. ಸುಮಾರು ಒಂದು ಘನ ಮೀಟರ್ ರಾಶಿ ಇದ್ದರೆ 55 ಡಿಗ್ರಿ ದಾಟುವುದು ಕಷ್ಟವಲ್ಲ. ನಮ್ಮ ಡ್ರಮ್ಮು ಬರೀ ಬೆಚ್ಚಗಾಗುತ್ತದೆ. ಅದಕ್ಕೇ ಬೀಜ ಸಾಯುವುದಿಲ್ಲ. ಗುಲಾಬಿ ಕುಂಡದಲ್ಲಿ ಟೊಮೆಟೊ ಸಸಿ, ದಾಸವಾಳದ ಬುಡದಲ್ಲಿ ಕುಂಬಳ. ಕಿತ್ತು ಹಾಕಲು ಅತ್ತೆ ಬಿಡುವುದಿಲ್ಲ.

ಒಣ ಕಸದ ಕಥೆ ಬೇರೆ. ತೊಳೆದ ಹಾಲಿನ ಪ್ಯಾಕೆಟ್ಟುಗಳು ಬಟ್ಟೆ ತಂತಿಯ ಮೇಲೆ ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿವೆ. ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬೇರೆ ಆಗದ ಹಾಗೆ ನೋಡಿಕೊಳ್ಳುತ್ತೇನೆ, ಆ ಚೂರುಗಳನ್ನು ಯಾರೂ ಆರಿಸುವುದಿಲ್ಲ. ಗುಜರಿಯವನು ಹಾಲಿನ ಪ್ಯಾಕೆಟ್ಟು, ರಟ್ಟು, ಬಾಟಲಿ ತೂಗಿಸಿಕೊಳ್ಳುತ್ತಾನೆ. ಚಿಪ್ಸ್ ಪ್ಯಾಕೆಟ್ಟು ಕೊಟ್ಟರೆ ವಾಪಸ್ ಕೈಗಿಡುತ್ತಾನೆ. ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣದ ಪದರ ಅಂಟಿಸಿರುತ್ತಾರಲ್ಲ, ಬಿಡಿಸುವ ಖರ್ಚಿಗೆ ಅದು ಗಿಟ್ಟುವುದಿಲ್ಲ.

ಚೀಲ ಕೊಟ್ಟಮೇಲೆ ಮೆಟ್ಟಿಲ ಕೆಳಗೆ ನೋಡಿದರೆ ತರಗು ಗೌರಿ ಹಬ್ಬದ ತನಕ ಬರುವ ಹಾಗಿಲ್ಲ. ಕಾಫಿ ಬೀಜದ ಹೊಟ್ಟು ತೆಗೆಯುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಆ ಹೊಟ್ಟು ಸಿಗುತ್ತದಾ ಅಂತ ನಾಳೆ ವಿಚಾರಿಸಬೇಕು. ಬೆಂಕಿಗೆ ಬೇಕು ಅಂತ ಅದಕ್ಕೂ ಗಿರಾಕಿಗಳಿದ್ದಾರೆ, ರೇಟು ಎಷ್ಟು ಹೇಳ್ತಾರೋ.