ನಾಲ್ಕನೆಯ ಗಂಟೆಯ ಹೆಡ್‌ಫೋನ್

ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಮೈಕಿನ ಬಗ್ಗೆ, ಆಮೇಲೆ ರೆಕಾರ್ಡರ್ ಬಗ್ಗೆ. ಹೆಡ್‌ಫೋನಿನ ಸರದಿ ಬರುವುದು ಕೊನೆಗೆ. ಅದೂ ‘ಯಾವುದರ ಸದ್ದು ಚೆನ್ನಾಗಿದೆ?’ ಎಂಬ ಒಂದೇ ಪ್ರಶ್ನೆಯಾಗಿ. ಉತ್ತರಿಸುವ ಮೊದಲು ನಾನೇ ಒಂದು ಪ್ರಶ್ನೆ ಹಾಕುತ್ತೇನೆ: ದಿನಕ್ಕೆ ಎಷ್ಟು ಹೊತ್ತು ಹಾಕಿಕೊಂಡಿರುತ್ತೀರಿ? ಚಿತ್ರೀಕರಣದ ಜಾಗದಲ್ಲಿ ಸೌಂಡ್ ನೋಡಿಕೊಳ್ಳುವವರಿಗೆ ಹತ್ತು ಗಂಟೆಯ ದಿನವೆಂದರೆ ಸಾಧಾರಣ ದಿನ. ಮೈಕ್ ಬೂಮ್ ಎಂಬ ಉದ್ದನೆಯ ಕೋಲಿನ ತುದಿಯಲ್ಲಿರುತ್ತದೆ, ರೆಕಾರ್ಡರ್ ಚೀಲದಲ್ಲಿರುತ್ತದೆ. ಅಷ್ಟು ಹೊತ್ತೂ ತಲೆಯನ್ನು ಹಿಡಿದುಕೊಂಡೇ ಇರುವ ಸಲಕರಣೆ ಇದೊಂದೇ.

ಹೊಸ ಚಪ್ಪಲಿ ಕಚ್ಚುವುದು ಅಂಗಡಿಯಲ್ಲಲ್ಲ, ದಾರಿಯಲ್ಲಿ. ಹೆಡ್‌ಫೋನಿನದೂ ಅದೇ ಬುದ್ಧಿ. ಮೊದಲ ಹತ್ತು ನಿಮಿಷ ಎಲ್ಲವೂ ಹಿತವಾಗಿಯೇ ಇರುತ್ತವೆ. ಒಂದು ಗಂಟೆಯ ಹೊತ್ತಿಗೆ ಕಿವಿ ಬೆಚ್ಚಗಾಗುತ್ತದೆ. ಎರಡು ಗಂಟೆಗೆ ನೆತ್ತಿಯ ಮೇಲೆ ಒಂದೇ ಕಡೆ ಭಾರ ಕೂತಂತಾಗುತ್ತದೆ. ಹೆಡ್‌ಫೋನಿನ ನಿಜವಾದ ಸ್ವಭಾವ ತಿಳಿಯುವುದು ನಾಲ್ಕನೆಯ ಗಂಟೆಯಲ್ಲಿ. ಆಗ ಕಿವಿಯ ಅಂಚು ಸುಡುತ್ತಿರುತ್ತದೆ, ಕಣತಲೆ ಮಿಡಿಯುತ್ತಿರುತ್ತದೆ, ಕೈ ತನ್ನಷ್ಟಕ್ಕೆ ತಾನೇ ಹೆಡ್‌ಫೋನಿನ ಒಂದು ಕಪ್ಪನ್ನು, ಎಂದರೆ ಕಿವಿಗೆ ಕೂರುವ ಬಟ್ಟಲನ್ನು, ಕಿವಿಯ ಹಿಂದಕ್ಕೆ ಸರಿಸುತ್ತಿರುತ್ತದೆ.

ಇದನ್ನು ಸುಖದ ಪ್ರಶ್ನೆ ಎಂದುಕೊಂಡು ಸಹಿಸಿಕೊಳ್ಳುವವರೇ ಹೆಚ್ಚು. ನನ್ನ ಮಟ್ಟಿಗೆ ಇದು ಕೆಲಸದ ಗುಣಮಟ್ಟದ ಪ್ರಶ್ನೆ. ಅಂಗಿಯೊಳಗೆ ಸಿಕ್ಕಿಸಿದ ಲೇಪಲ್ ಮೈಕಿಗೆ ಬಟ್ಟೆ ಉಜ್ಜುವ ಸದ್ದು ತೀರ ಸಣ್ಣದು. ನಟರು ಉಸಿರೆಳೆದಾಗ ಒಮ್ಮೆ ಸರಕ್ ಎನ್ನುತ್ತದೆ, ಅಷ್ಟೇ. ಪಕ್ಕದ ಕೋಣೆಯ ಫ್ರಿಜ್ ಸಂಭಾಷಣೆಯ ನಡುವೆ ಶುರುವಾದರೆ ಅದು ಕೇಳಿಸುವುದಕ್ಕಿಂತ, ಮೌನದ ಬಣ್ಣ ಬದಲಾದಂತೆ ತೋರುತ್ತದೆ. ಇವನ್ನು ಹಿಡಿಯಲು ಗಮನ ಪೂರ್ತಿ ಸದ್ದಿನ ಮೇಲಿರಬೇಕು. ತಲೆ ನೋಯುತ್ತಿರುವವನಿಗೆ ಎಲ್ಲ ಟೇಕೂ ಚೆನ್ನಾಗಿಯೇ ಕೇಳಿಸುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಬೇಕಾಗಿರುವುದು ಒಳ್ಳೆಯ ಟೇಕ್ ಅಲ್ಲ, ಪ್ಯಾಕಪ್.

ಜನ ಮೊದಲು ನೋಡುವುದು ತೂಕ. ತೂಕ ಮುಖ್ಯ, ಆದರೆ ಅದೊಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಸೆನ್‌ಹೈಸರ್ ಎಚ್‌ಡಿ 25 ಕೇಬಲ್ ಬಿಟ್ಟು ಸುಮಾರು 140 ಗ್ರಾಂ. 1988ರಲ್ಲಿ ಬಂದ ಈ ಮಾದರಿ ಇಂದಿಗೂ ಎಷ್ಟೋ ಸೌಂಡ್ ತಂಡಗಳ ಚೀಲದಲ್ಲಿದೆ. ಬಯರ್‌ಡೈನಮಿಕ್ ಡಿಟಿ 770 ಪ್ರೊ ಸುಮಾರು 270 ಗ್ರಾಂ, ಹೆಚ್ಚುಕಡಿಮೆ ಎರಡರಷ್ಟು. ಕಾಗದದ ಮೇಲೆ ಮೊದಲನೆಯದೇ ಹಗುರ. ಆದರೆ ಅದು ಕಿವಿಯ ಮೇಲೆ ಕೂರುವ ಬಗೆಯದು. ಎರಡನೆಯದು ಕಿವಿಯ ಸುತ್ತ ಕೂರುತ್ತದೆ. ಮೇಲೆ ಕೂರುವುದು ಮೃದ್ವಸ್ಥಿಯನ್ನು ತಲೆಬುರುಡೆಗೆ ಒತ್ತುತ್ತದೆ, ಸುತ್ತ ಕೂರುವುದು ಒತ್ತಡವನ್ನು ಕಿವಿಯ ಹೊರಗಿನ ಮೂಳೆಗೆ ಹಂಚುತ್ತದೆ. ಕುಳಿತು ದಿನವಿಡೀ ಕೇಳುವ ನನಗೆ ಭಾರವಾದದ್ದೇ ಹಗುರವೆನಿಸುತ್ತದೆ. ಬೂಮ್ ಹಿಡಿದು ಓಡಾಡುವ ನನ್ನ ಜೊತೆಗಾರರು ಹಗುರವಾದದ್ದನ್ನು ಬಿಟ್ಟುಕೊಡುವುದಿಲ್ಲ. ಅದರ ಒಂದು ಕಪ್ಪನ್ನು ಹಿಂದಕ್ಕೆ ತಿರುಗಿಸಿ ಒಂದು ಕಿವಿಯನ್ನು ಹೊರಗಿನ ಮಾತಿಗೆ ಬಿಡಬಹುದು, ತಲೆಯೆತ್ತಿ ಮೈಕ್ ನೋಡಿದರೂ ಅದು ಜಾರುವುದಿಲ್ಲ. ಇಬ್ಬರ ಆಯ್ಕೆಯೂ ಸರಿಯೇ, ಏಕೆಂದರೆ ಇಬ್ಬರ ಕೆಲಸ ಬೇರೆ. ‘ಅತ್ಯುತ್ತಮ ಹೆಡ್‌ಫೋನ್’ ಎಂದು ಪಟ್ಟಿ ಮಾಡುವವರು ಈ ವ್ಯತ್ಯಾಸವನ್ನು ಕೇಳಿಯೂ ನೋಡುವುದಿಲ್ಲ.

ಕನ್ನಡಕ ಹಾಕುವವರು ಈ ಭಾಗವನ್ನು ನಿಧಾನವಾಗಿ ಓದಿ. ಕನ್ನಡಕದ ಕಡ್ಡಿ ಪ್ಯಾಡಿನ, ಎಂದರೆ ಕಪ್ಪಿನ ಅಂಚಿನ ಮೆತ್ತೆಯ, ಕೆಳಗೆ ಹಾದುಹೋಗುವಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಕಡ್ಡಿ ಕಣತಲೆಗೆ ಒತ್ತುತ್ತದೆ. ಇದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಇನ್ನೊಂದು: ಕಡ್ಡಿಯ ಅಕ್ಕಪಕ್ಕ ಉಳಿಯುವ ಸಣ್ಣ ಸಂದಿಯಿಂದ ಕಪ್ಪಿನೊಳಗಿನ ಒತ್ತಡ ಸೋರಿ, ತಗ್ಗಿನ ಕಂಪನಾಂಕಗಳು ತೆಳುವಾಗುತ್ತವೆ. ಹೆಡ್‌ಫೋನ್ ಹಾಕಿಕೊಂಡು ಗಡುಸಾದ ಗಂಡುದನಿಯೊಂದನ್ನು ಕೇಳುತ್ತಾ, ಕನ್ನಡಕದ ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ ಪ್ಯಾಡಿನಿಂದ ಹೊರಗೆ ತನ್ನಿ. ದನಿಯ ಎದೆಯ ಭಾಗ ತುಂಬಿಕೊಂಡು ಬರುವುದು ಕೇಳಿಸುತ್ತದೆ. ಈಗ ಯೋಚಿಸಿ: ದೂರದ ಲಾರಿಯ ಗುಡುಗುಡು, ಗಾಳಿಯಂತ್ರದ ಗುಂಯ್ ಸದ್ದು, ಬೂಮ್ ಕೋಲನ್ನು ಹಿಡಿದ ಕೈ ಸರಿದಾಗಿನ ಧಡ್ ಶಬ್ದ, ಇವೆಲ್ಲ ಇರುವುದು ಅದೇ ಭಾಗದಲ್ಲಿ. ಸಂದಿ ಇದ್ದರೆ ನೀವು ಅವನ್ನು ಕಡಿಮೆ ಕೇಳುತ್ತೀರಿ, ಸಂಕಲನದ ಕೋಣೆಯಲ್ಲಿ ಕೂತವರು ಪೂರ್ತಿ ಕೇಳುತ್ತಾರೆ. ತೆಳುವಾದ ಲೋಹದ ಕಡ್ಡಿಯ ಕನ್ನಡಕ, ಮೆತ್ತನೆಯ ಆಳವಾದ ಪ್ಯಾಡು ಇದ್ದರೆ ನೋವು ಮತ್ತು ಸೋರಿಕೆ ಎರಡೂ ಬಹಳಷ್ಟು ತಗ್ಗುತ್ತವೆ. ಕೆಲಸಕ್ಕೆಂದೇ ನಾನು ಇಂಥದ್ದೊಂದು ಕನ್ನಡಕ ಮಾಡಿಸಿಕೊಂಡಿದ್ದೇನೆ. ನೋಡಲು ಚೆಂದವೇನಿಲ್ಲ.

ಪ್ಯಾಡಿನ ವಿಷಯದಲ್ಲಿ ಎರಡು ಪಂಗಡಗಳಿವೆ. ರೆಕ್ಸಿನ್ ಮಾದರಿಯ ಹೊದಿಕೆ ಕಿವಿಯ ಸುತ್ತ ಚೆನ್ನಾಗಿ ಅಂಟಿ ಕೂತು ಹೊರಗಿನ ಸದ್ದನ್ನು ತಡೆಯುತ್ತದೆ, ಆದರೆ ಬೆವರಿಸುತ್ತದೆ. ಮಖಮಲ್ಲಿನಂಥ ವೆಲೂರ್ ಬಟ್ಟೆಯದು ಗಾಳಿಯಾಡುತ್ತದೆ, ಗಂಟೆಗಟ್ಟಲೆ ಹಿತವಾಗಿರುತ್ತದೆ. ಹೊರಗಿನ ಸದ್ದು ಮಾತ್ರ ಸ್ವಲ್ಪ ಹೆಚ್ಚು ಒಳಬರುತ್ತದೆ. ಒಳಾಂಗಣದಲ್ಲಿ ನನಗೆ ವೆಲೂರ್ ಸಾಕು. ಗದ್ದಲದ ಜಾಗಕ್ಕೆ ರೆಕ್ಸಿನ್ನಿನದೇ ಬೇಕು, ಬೆವರಿದರೂ ಸರಿ. ಬಣ್ಣ, ಹೊಳಪಿಗಿಂತ ನೋಡಬೇಕಾದದ್ದು ಪ್ಯಾಡಿನ ಒಳಗಿನ ಆಳ. ಬೆರಳು ಹಾಕಿ ನೋಡಿ. ಕಿವಿಯ ಅಂಚು ಒಳಗಿನ ಜಾಲರಿಗೆ ತಾಗುವಂತಿದ್ದರೆ ಅದು ಮೊದಲು ಕಚಗುಳಿಯಂತಿರುತ್ತದೆ, ಮಧ್ಯಾಹ್ನಕ್ಕೆ ಹುಣ್ಣಿನಂತಾಗುತ್ತದೆ.

ಪ್ಯಾಡುಗಳಿಗೆ ಆಯಸ್ಸಿದೆ. ಒಳಗಿನ ಫೋಮ್ ಚಪ್ಪಟೆಯಾಗುತ್ತಾ ಹೋದಂತೆ ಕಿವಿ ಕಪ್ಪಿನೊಳಗೆ ಸದ್ದು ಹೊರಡಿಸುವ ಡ್ರೈವರಿಗೆ ಹತ್ತಿರವಾಗುತ್ತದೆ, ಅಂಚು ಸರಿಯಾಗಿ ಕೂರುವುದಿಲ್ಲ, ಸದ್ದೂ ಬದಲಾಗುತ್ತದೆ. ಈ ಬದಲಾವಣೆ ತಿಂಗಳುಗಳ ಮೇಲೆ ಹರಡಿ ಬರುವುದರಿಂದ ಯಾರೂ ಗಮನಿಸುವುದಿಲ್ಲ. ಕುತ್ತಿಗೆಯ ಮೇಲೆ ಕಪ್ಪು ಸಿಪ್ಪೆ ಉದುರಲು ಶುರುವಾದಾಗ ಎಚ್ಚರವಾಗುತ್ತಾರೆ, ಅಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಕೊಳ್ಳುವಾಗಲೇ ಕೇಳಬೇಕಾದ ಮಾತು: ಇದೇ ಕಂಪನಿಯ ಬದಲಿ ಪ್ಯಾಡು ಬಿಡಿಯಾಗಿ ಸಿಗುತ್ತದೆಯೇ? ದಪ್ಪವಾಗಿ, ಮೆತ್ತಗೆ ಕಾಣುವ ಬೇರೆ ತಯಾರಕರ ಪ್ಯಾಡು ಹಾಕಿದರೆ ಹಿತ ಹೆಚ್ಚಬಹುದು, ಆದರೆ ಹೆಡ್‌ಫೋನಿನ ಸದ್ದು ಬೇರೆಯೇ ಆಗುತ್ತದೆ. ಹಾಗೆ ಬದಲಿಸಿದವರು ತಮಗೆ ಪರಿಚಿತವಾದ ಹಳೆಯ ಮುದ್ರಣವೊಂದನ್ನು ಕೇಳಿ ಕಿವಿಯನ್ನು ಹೊಂದಿಸಿಕೊಳ್ಳದೆ ಕೆಲಸಕ್ಕೆ ಹೋಗಬಾರದು.

ಇನ್ನು ಬಿಗಿತ. ಸಡಿಲವಾದದ್ದೇ ಹಿತವೆಂದು ಆರಿಸಿದರೆ ಸದ್ದಿನ ಮಟ್ಟ ತೋರಿಸುವ ಮೀಟರ್ ನೋಡಲು ಬಗ್ಗಿದ ಕೂಡಲೇ ಅದು ಮೂಗಿನ ಮೇಲೆ ಬರುತ್ತದೆ. ಹೊಸದು ತೀರ ಬಿಗಿಯಾಗಿದ್ದರೆ, ತಲೆಪಟ್ಟಿಯೊಳಗೆ ಉಕ್ಕಿನ ಪಟ್ಟಿ ಇರುವಂಥವನ್ನು ತಲೆಗಿಂತ ತುಸು ಅಗಲವಾದ ಪೆಟ್ಟಿಗೆಗೆ ರಾತ್ರಿಯಿಡೀ ತೊಡಿಸಿಟ್ಟು ಸಡಿಲಿಸಬಹುದು. ಪೂರ್ತಿ ಪ್ಲಾಸ್ಟಿಕ್ಕಿನವಕ್ಕೆ ಇದನ್ನು ಮಾಡಬೇಡಿ, ಕೀಲಿನ ಹತ್ತಿರ ಸೀಳುತ್ತವೆ. ತಲೆಪಟ್ಟಿ ನೆತ್ತಿಗೆ ಒಂದೇ ಬಿಂದುವಿನಲ್ಲಿ ತಾಗುತ್ತದೋ ಅಗಲಕ್ಕೂ ತಾಗುತ್ತದೋ ಎನ್ನುವುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ತೂಕದ ಪೂರ್ತಿ ಕಥೆ ಅಲ್ಲಿದೆ.

ಕೇಬಲ್ ಕೂಡ ತೂಕವೇ. ಸುರುಳಿ ಕೇಬಲ್ ಮೇಜಿನ ಹತ್ತಿರ ಅನುಕೂಲ, ಆದರೆ ಒಂದೇ ಕಪ್ಪಿನಿಂದ ಇಳಿಯುವುದರಿಂದ ಎದ್ದು ನಡೆದಾಗ ಆ ಕಿವಿಯನ್ನು ದಿನವಿಡೀ ಕೆಳಗೆ ಎಳೆಯುತ್ತಿರುತ್ತದೆ. ಹೆಗಲ ಪಟ್ಟಿಗೆ ಒಂದು ಕ್ಲಿಪ್ ಹಾಕಿ, ತಲೆ ಎರಡೂ ಕಡೆ ತಿರುಗುವಷ್ಟು ಸಡಿಲ ಬಿಟ್ಟು ಅಲ್ಲಿ ಸಿಕ್ಕಿಸಿದರೆ ಎಳೆತ ಹೆಗಲಿಗೆ ಹೋಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ ಸಾಕು.

ಓಮ್ ಲೆಕ್ಕವನ್ನು, ಎಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆಯ ಲೆಕ್ಕವನ್ನು, ಬೇಗ ಹೇಳಿ ಮುಗಿಸುತ್ತೇನೆ. ಡಿಟಿ 770 ಪ್ರೊ 32, 80 ಮತ್ತು 250 ಓಮ್‌ಗಳಲ್ಲಿ ಬಂದಿದೆ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ರೆಕಾರ್ಡರಿಗೆ 250ರದನ್ನು ಜೋಡಿಸಿದರೆ ವಾಲ್ಯೂಮ್ ಕೊನೆಯವರೆಗೂ ತಿರುಗಿಸಿದರೂ ಸಾಲದೆ ಹೋಗಬಹುದು. ಸೋನಿ ಎಂಡಿಆರ್-7506 63 ಓಮ್, ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ 38 ಓಮ್. ಹೊರಗಿನ ಕೆಲಸಕ್ಕೆ ಈ ಮಟ್ಟದವು ತೊಂದರೆ ಕೊಡುವುದಿಲ್ಲ.

ಹಿತದ ಆಸೆಗೆ ಬಿದ್ದು ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಹಿಂಭಾಗ ತೆರೆದಿರುವ ಓಪನ್-ಬ್ಯಾಕ್ ಹೆಡ್‌ಫೋನುಗಳು ಗಾಳಿಯಾಡುತ್ತವೆ, ಹಾಕಿಕೊಂಡದ್ದೇ ಮರೆತುಹೋಗುವಷ್ಟು ಹಿತ. ಸಂಕಲನಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಮೈಕಿನ ಎದುರು ಮಾತ್ರ ಬೇಡ: ಒಳಗಿನ ಸದ್ದು ಹೊರಗೆ ಸೋರಿ ಮೈಕಿಗೆ ಬೀಳುತ್ತದೆ, ಹೊರಗಿನದು ಒಳಬಂದು ನೀವು ಕೇಳುತ್ತಿರುವುದು ಮುದ್ರಣವೋ ಕೋಣೆಯೋ ತಿಳಿಯದಂತಾಗುತ್ತದೆ. ಪ್ರಯಾಣಕ್ಕೆಂದು ಮಾಡಿದ, ಗದ್ದಲ ಅಳಿಸುವ ಬ್ಲೂಟೂತ್ ಹೆಡ್‌ಫೋನುಗಳದು ಇನ್ನೊಂದು ಬಗೆ. ಮೆತ್ತಗಿವೆ, ಒಪ್ಪುತ್ತೇನೆ. ಆದರೆ ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬಂದು ನಟರ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಜೊತೆಗೆ ಅವು ಸದ್ದನ್ನು ತಮ್ಮ ಇಷ್ಟದಂತೆ ತಿದ್ದಿ ಕೇಳಿಸುತ್ತವೆ. ಇದ್ದದ್ದನ್ನು ಇದ್ದಂತೆ ಕೇಳಲು ಸಂಬಳ ಪಡೆಯುವವರಿಗೆ ಆ ಉಪಕಾರ ಬೇಕಿಲ್ಲ.

ಹಿತವೆಂದರೆ ಒತ್ತಡ, ಬಿಸಿ ಇಷ್ಟೇ ಅಲ್ಲ. ಕಿವಿಯೊಳಗಿನ ದಣಿವೂ ಅದರಲ್ಲಿ ಸೇರಿದೆ. ಹೊರಗಿನ ಸದ್ದನ್ನು ಸರಿಯಾಗಿ ತಡೆಯದ ಹೆಡ್‌ಫೋನ್ ಇದ್ದರೆ ಕೈ ವಾಲ್ಯೂಮಿನ ಕಡೆಗೇ ಹೋಗುತ್ತದೆ. ದಣಿದ ಕಿವಿಗೆ ಬೆಳಗಿನ ಮಟ್ಟ ಸಾಲದೆನಿಸುತ್ತದೆ, ಇನ್ನಷ್ಟು ಏರಿಸುತ್ತೇವೆ, ಕಿವಿ ಇನ್ನಷ್ಟು ದಣಿಯುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್ ಕೆಲಸದ ಜಾಗದ ಸದ್ದಿಗೆ ಹಾಕಿಕೊಟ್ಟಿರುವ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ನಮ್ಮ ದಿನ ಎಂಟು ಗಂಟೆಗೆ ಮುಗಿಯುವುದಿಲ್ಲವಾದ್ದರಿಂದ 85 ಕೂಡ ನಮಗೆ ಹೆಚ್ಚೇ. ಬೆಳಿಗ್ಗೆ, ಕಿವಿ ತಾಜಾ ಇರುವಾಗ, ಮಾತಿನ ಮಟ್ಟವನ್ನು ಮೀಟರಿನಲ್ಲಿ ನೋಡಿಕೊಂಡು ಹೆಡ್‌ಫೋನಿನ ವಾಲ್ಯೂಮ್ ಇಟ್ಟು, ಆ ಜಾಗಕ್ಕೆ ಬಿಳಿ ಟೇಪಿನ ಚೂರೊಂದನ್ನು ಅಂಟಿಸುತ್ತೇನೆ. ಸಂಜೆ ಗುಂಡಿ ಆ ಗುರುತನ್ನು ದಾಟಿದ್ದರೆ ಸಮಸ್ಯೆ ಸದ್ದಿನದಲ್ಲ, ನನ್ನ ಕಿವಿಯದು. ಆಗ ಏರಿಸುವ ಬದಲು ಕಳಚಿ ಇಡಬೇಕು.

ಕಳಚುವುದಕ್ಕೂ ರೀತಿ ಇದೆ. ದೀಪ ಬದಲಿಸುವ ಹೊತ್ತು, ಮೇಕಪ್ಪಿನ ಹೊತ್ತು ಪೂರ್ತಿ ತೆಗೆದು ಕೊಕ್ಕೆಗೆ ತೂಗುಹಾಕಿ. ಕುತ್ತಿಗೆಗೆ ಹಾಕಿಕೊಂಡರೆ ಬೆವರು ಪ್ಯಾಡಿಗೆ ಹೋಗುತ್ತದೆ, ಭಾರ ಕುತ್ತಿಗೆಯಲ್ಲೇ ಉಳಿಯುತ್ತದೆ, ಕಿವಿಗೆ ಸಿಕ್ಕ ಬಿಡುವು ಹೆಗಲಿಗೆ ಸಿಗುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ ಎಂದು ಕೇಳುವವರಿಗೆ ನನ್ನ ಸಲಹೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು: ಏನನ್ನೂ ಕೇಳಬೇಡಿ. ಇಷ್ಟದ ಹಾಡು ಹಾಕಿಕೊಂಡರೆ ಮನಸ್ಸು ಹಾಡಿನ ಹಿಂದೆ ಹೋಗಿ ಒತ್ತಡ ಮರೆಯುತ್ತದೆ. ಜೊತೆಗಾರರಿಂದ ಒಂದು ಸಂಜೆಗೆ ಎರವಲು ತನ್ನಿ, ಕೇಬಲ್ ಯಾವುದಕ್ಕೂ ಸಿಕ್ಕಿಸದೆ ತಲೆಗೆ ಹಾಕಿಕೊಂಡು ಮನೆಯ ಕೆಲಸ ಮಾಡಿ. ಬಗ್ಗಿ, ತಲೆಯೆತ್ತಿ, ಮಾತನಾಡಿ, ಏನನ್ನಾದರೂ ಅಗಿಯಿರಿ. ದವಡೆ ಆಡಿದಾಗ ಪ್ಯಾಡಿನ ಕೆಳಗಿನ ಅಂಚು ಏಳುತ್ತದೋ ನೋಡಿ. ಎರಡು ಗಂಟೆ ಬಿಟ್ಟು ತೆಗೆದು ಕನ್ನಡಿಯ ಮುಂದೆ ನಿಲ್ಲಿ. ಕಿವಿಯ ಸುತ್ತ ಒಂದೇ ಸಮನಾದ ನಸುಗೆಂಪು ಬಳೆ ಇದ್ದರೆ ಪರವಾಗಿಲ್ಲ. ಕಿವಿಯ ಮೇಲೋ ಕಣತಲೆಯ ಮೇಲೋ ಒಂದೇ ಕಡೆ ಗಾಢವಾದ ಕಲೆ ಮೂಡಿದ್ದರೆ ಅದು ನಾಲ್ಕನೆಯ ಗಂಟೆಯಲ್ಲಿ ನೋಯುವ ಜಾಗ. ಸದ್ದಿನ ಪರೀಕ್ಷೆಯನ್ನು ಮರುದಿನ ಮಾಡಿದರೂ ನಡೆಯುತ್ತದೆ. ಈ ಮೊದಲ ಜರಡಿಯಲ್ಲಿ ಎಷ್ಟೋ ಹೆಡ್‌ಫೋನುಗಳು ಸದ್ದು ಕೇಳುವ ಮುನ್ನವೇ ಹೊರಬೀಳುತ್ತವೆ.

ಒಂದು ಮಾತು ಬಾಕಿ ಇದೆ, ಅದು ನಿರ್ದೇಶಕರ ಹೆಡ್‌ಫೋನಿನದು. ಸೌಂಡ್ ತಂಡಗಳಲ್ಲಿ ಸವೆದ, ಯಾರಿಗೂ ಬೇಡವಾದ ಜೋಡಿಯನ್ನು ನಿರ್ದೇಶಕರಿಗೆ ಕೊಡುವ ವಾಡಿಕೆ ಇದೆ. ಅವರು ಸದ್ದಿನ ಪರೀಕ್ಷೆ ಮಾಡುವುದಿಲ್ಲವಲ್ಲ, ಯಾವುದಾದರೇನು ಎಂಬ ಲೆಕ್ಕ. ನೋಯುವ ಹೆಡ್‌ಫೋನನ್ನು ಅವರು ಮಧ್ಯಾಹ್ನದ ಊಟಕ್ಕೆ ತೆಗೆದವರು ಮತ್ತೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಟೇಕಿನ ನಡುವೆ ವಿಮಾನ ಹಾದುಹೋದರೆ ಅದು ಕೇಳಿಸಿದ್ದು ನನಗೊಬ್ಬನಿಗೇ. ‘ಇನ್ನೊಂದು ಟೇಕ್ ಬೇಕು’ ಎಂದರೆ ಇಡೀ ತಂಡ ನನ್ನನ್ನೇ ನೋಡುತ್ತದೆ. ಈಗ ನಾನು ಹೊಸ ವೆಲೂರ್ ಪ್ಯಾಡು ತರಿಸಿದಾಗ ಮೊದಲ ಜೋಡಿ ನಿರ್ದೇಶಕರ ಹೆಡ್‌ಫೋನಿಗೆ ಹೋಗುತ್ತದೆ. ವಿಮಾನ ಬಂದರೆ ‘ಕಟ್’ ಎನ್ನುವವರು ಈಗ ಅವರೇ.