ಕಾಂಬಿನೇಷನ್ ಕೇಳೋ ಮುಂಚೆ ಬಸ್ಸಿನ ಟೈಮ್ ಕೇಳಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ನಮಗೆ ಅಡ್ಮಿಷನ್ ಡ್ಯೂಟಿ. ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಸೈನ್ಸ್ ಟೇಬಲ್ಲಿಗೆ ಕೂರಿಸುವುದೂ ನನ್ನನ್ನೇ. ಇದರಲ್ಲೊಂದು ಇಕ್ಕಟ್ಟಿದೆ. ಯಾವ ಮಗುವಿಗೆ ‘ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೋ’ ಅಂದರೂ ಪಕ್ಕದ ಟೇಬಲ್ಲಿನ ಎಕನಾಮಿಕ್ಸ್ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಇವನು ಕಾರ್ಯಭಾರ ಉಳಿಸಿಕೊಳ್ಳೋಕೆ ಮಕ್ಕಳನ್ನ ಎಳೀತಿದ್ದಾನೆ ಅಂತ ಅವರ ಲೆಕ್ಕ. ಪೂರ್ತಿ ಸುಳ್ಳೂ ಅಲ್ಲ. ಮಕ್ಕಳ ಸಂಖ್ಯೆ ಕಮ್ಮಿಯಾದರೆ ಬೇರೆ ಕಾಲೇಜಿಗೆ ನಿಯೋಜನೆ ಆದೇಶ ಗ್ಯಾರಂಟಿ. ಅವರಿಗೂ ಅದೇ ಭಯ, ಅದು ಬೇರೆ ಮಾತು.

ಆವತ್ತು ದಂಡ ಶುಲ್ಕ ಇಲ್ಲದೆ ಸೇರಲು ಕೊನೇ ದಿನ. ಪೋರ್ಟಲ್ ಎಂದಿನಂತೆ ಸುತ್ತುತ್ತಾ ಕೂತಿತ್ತು. ಸಾಲು ವೆರಾಂಡ ದಾಟಿತ್ತು. ನಮ್ಮ ಗುಮಾಸ್ತರು ಒಬ್ಬ ಹುಡುಗಿಯನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಬಂದು, ‘ಸಾರ್, ನೀವೊಂದ್ಸಲ ಮಾತಾಡಿ’ ಅಂತ ಅರ್ಜಿ ಇಟ್ಟು ಹೋದರು. 625ಕ್ಕೆ 570ರ ಆಸುಪಾಸು. ಸೈನ್ಸಿನಲ್ಲಿ 96. ‘ಮುಂದಿನ ಗುರಿ’ ಅನ್ನೋ ಜಾಗದಲ್ಲಿ ದುಂಡಗೆ ‘ಕೃಷಿ ಅಧಿಕಾರಿ’ ಎಂದು ಬರೆದಿದ್ದಳು. ಕಾಂಬಿನೇಷನ್ ಮಾತ್ರ ಆರ್ಟ್ಸಿನ ಎಚ್‌ಇಪಿಎಸ್: ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ.

ನನಗೆ ಉತ್ಸಾಹ ಬಂತು. ಯಾವ ಕೋರ್ಸಿಗೆ ಯಾವ ಕಾಂಬಿನೇಷನ್ ಬೇಕು ಅನ್ನೋ ಚಾರ್ಟ್ ಹೊರಗೆ ತೆಗೆದೆ. ‘ನೋಡಮ್ಮ, ಕೃಷಿ ಅಧಿಕಾರಿ ಆಗ್ಬೇಕಂದ್ರೆ ಬಿಎಸ್ಸಿ ಅಗ್ರಿ ಓದ್ಬೇಕು. ಅದಕ್ಕೆ ಸಿಇಟಿಲಿ ಬಯಾಲಜಿ ಪೇಪರ್ ಬರೀಲೇಬೇಕು. ಹಿಸ್ಟರಿ ಓದಿ ಆ ಕಡೆ ಹೋಗೋಕಾಗಲ್ಲ.’

‘ಗೊತ್ತು ಸಾರ್.’

‘ಸೈನ್ಸ್ ಓದಿ ಆಮೇಲೆ ಬಿಎಗೆ ಹೋಗ್ಬಹುದು. ಆರ್ಟ್ಸ್ ಓದಿ ಬಿಎಸ್ಸಿ ಅಗ್ರಿಗೆ ಹೋಗೋಕಾಗಲ್ಲ.’

‘ಗೊತ್ತು ಸಾರ್.’

ಇಂಗ್ಲಿಷ್ ಮೀಡಿಯಂ ಭಯ ಇರಬೇಕು ಅಂದುಕೊಂಡೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ದಸರಾವರೆಗೆ ತಬ್ಬಿಬ್ಬಾಗುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಅದನ್ನೂ ಹೇಳಿದೆ. ಅವಳು ತಲೆಯಾಡಿಸಿದಳು. ಅಪ್ಪ ಮಾತಾಡಲೇ ಇಲ್ಲ, ಪ್ಲಾಸ್ಟಿಕ್ ಕವರಿನೊಳಗಿನ ಟಿಸಿ, ಜಾತಿ ಪ್ರಮಾಣಪತ್ರ ಎಲ್ಲ ಮತ್ತೆ ಮತ್ತೆ ಜೋಡಿಸುತ್ತಿದ್ದರು. ಆಗ ನನ್ನ ತಲೆಗೆ ಬಂದದ್ದು ಒಂದೇ: ಮದುವೆ. ಎರಡು ವರ್ಷ ಸುಮ್ನೆ ಕಾಲೇಜಿಗೆ ಕಳಿಸಿ ಕೈ ತೊಳೆದುಕೊಳ್ಳುವ ಯೋಚನೆ.

‘ಹುಡುಗೀನ ಓದ್ಸೋಕೆ ಇಷ್ಟ ಇಲ್ವಾ ನಿಮ್ಗೆ?’ ಅಂದುಬಿಟ್ಟೆ. ಸ್ವಲ್ಪ ಜೋರಾಗೇ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ‘ಆಗ್ಲಿ ಬಿಡಿ ಸಾರ್, ಆರ್ಟ್ಸೇ ಹಾಕ್ಕೊಳ್ಳಿ’ ಅಂತ ಕವರ್ ಮಡಚತೊಡಗಿದರು. ಹುಡುಗಿಯ ಕಣ್ಣು ತುಂಬಿತ್ತು. ಪೋರ್ಟಲ್ ಇನ್ನೂ ಸುತ್ತುತ್ತಲೇ ಇತ್ತು.

ಟೀ ತಂದ ಅಟೆಂಡರ್ ಅಕ್ಕ ಲೋಟ ಇಡುತ್ತಾ ಹೇಳಿದರು: ‘ಸಾರ್, ಅವ್ರ ಊರಿಗೆ ನಾಲ್ಕು ಗಂಟೆ ಬಸ್ಸೇ ಕೊನೇದು. ನಿಮ್ ಲ್ಯಾಬ್ ಬಿಡೋದು ನಾಲ್ಕೂವರೆಗೆ.’

ಇಷ್ಟೇ ವಿಷಯ.

ಆರ್ಟ್ಸಿಗೆ 20 ಅಂಕದ ಇಂಟರ್ನಲ್, ಲ್ಯಾಬ್ ಇಲ್ಲ, ಊಟದ ಹೊತ್ತು ಕಳೆದು ಸ್ವಲ್ಪಕ್ಕೇ ಬಿಡುತ್ತಾರೆ. ಸೈನ್ಸಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ 30 ಅಂಕದ ಪ್ರಾಕ್ಟಿಕಲ್, ಮೂರೂ ಮಧ್ಯಾಹ್ನವೇ. ಟಿಕೆಟ್ಟಿನ ಚಿಂತೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಲೇ ಹೋಯಿತು. ಆದರೆ ಬಸ್ಸೇ ಇಲ್ಲದ ಹೊತ್ತಿಗೆ ಫ್ರೀ ಟಿಕೆಟ್ ಇಟ್ಟುಕೊಂಡು ಏನು ಮಾಡೋದು? ಅಪ್ಪ ಆಗ ಬಾಯಿಬಿಟ್ಟರು. ವಾರಕ್ಕೆ ಮೂರು ದಿನ ಕರ್ಕೊಂಡು ಹೋಗೋಕೆ ಗಾಡಿ ಇಲ್ಲ, ಕೂಲಿ ಬಿಟ್ಟು ಬರೋಕೂ ಆಗಲ್ಲ ಅಂದರು. ಕ್ಷಮೆ ಕೇಳಿದೆ. ‘ಅಯ್ಯೋ ಬಿಡಿ ಸಾರ್’ ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಹುಡುಗಿಯೇ ಕೇಳಿದಳು: ‘ಲ್ಯಾಬ್ ಬೆಳಗ್ಗೆ ಇರಲ್ವಾ ಸಾರ್?’

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮಧ್ಯಾಹ್ನವೇ ಯಾಕೆ ಅಂದರೆ ಮೊದಲಿಂದ ಹಾಗೇ ಇದೆ, ಅಷ್ಟೇ. ಟೈಮ್‌ಟೇಬಲ್ ಕಮಿಟಿಯಲ್ಲಿ ದೊಡ್ಡ ರಾಮಾಯಣವೇ ಆಯಿತು. ಕೆಮಿಸ್ಟ್ರಿಯವರು ಬೆಳಗ್ಗೆ ನೀರು ಬರಲ್ಲ ಅಂದರು. ಟ್ಯಾಂಕ್ ಹಿಂದಿನ ಸಂಜೆಯೇ ತುಂಬಿಸೋಣ ಅಂತಾಯಿತು. ಕೊನೆಗೆ ಕನ್ನಡ ಮೇಷ್ಟ್ರು ಗೊಣಗುತ್ತಲೇ ತಮ್ಮ ಪೀರಿಯಡ್ ಬಿಟ್ಟುಕೊಟ್ಟರು. ದೂರದ ಬಸ್ಸಿನ ಮಕ್ಕಳನ್ನೆಲ್ಲ ಎ ಬ್ಯಾಚಿಗೆ ಹಾಕಿ, ಅವರ ಲ್ಯಾಬ್ ಬೆಳಗ್ಗೆ ಇಟ್ಟೆವು. ಅವಳು ಪಿಸಿಎಂಬಿಗೆ ಸೇರಿದಳು.

ಮೇಲಿನಿಂದ ಪ್ರತಿ ವರ್ಷ ‘ವೃತ್ತಿ ಮಾರ್ಗದರ್ಶನ’ ಮಾಡಿ, ಫೋಟೋ ಕಳಿಸಿ ಅಂತ ಸುತ್ತೋಲೆ ಬರುತ್ತದೆ. ಬ್ಯಾನರ್ ಕಟ್ಟಿ ಫೋಟೋ ಕಳಿಸುತ್ತೇವೆ. ಅಲ್ಲಿ ಹೇಳುವುದೇನೂ ತಪ್ಪಲ್ಲ. ನಾನೂ ಹೇಳುತ್ತೇನೆ, ಉಪಯೋಗವೂ ಇದೆ. ಸಾಫ್ಟ್‌ವೇರ್ ಕನಸಿಗೆ ಪಿಸಿಎಂಸಿಯೇ (ಬಯಾಲಜಿ ಬದಲು ಕಂಪ್ಯೂಟರ್) ಬೇಕು ಅಂತ ಹಠ ಹಿಡಿಯುವ ಪೋಷಕರಿಗೆ, ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಲೆಕ್ಕ, ಪಿಯು ಕಂಪ್ಯೂಟರ್ ಅಂಕ ಸೇರಲ್ಲ ಅಂತ ಗೊತ್ತಿರುವುದಿಲ್ಲ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಬಹುದು. ಸಿಎ ಫೌಂಡೇಶನ್ ಬರೆಯಲು ಕಾಮರ್ಸೇ ಓದಿರಬೇಕಿಲ್ಲ. ಜಿಎನ್ಎಂ ಅನ್ನೋ ಡಿಪ್ಲೊಮಾ ನರ್ಸಿಂಗಿಗೆ ಆರ್ಟ್ಸ್ ಮಕ್ಕಳೂ ಹೋಗಬಹುದು, ಬಿಎಸ್ಸಿ ನರ್ಸಿಂಗಿಗೆ ಬಯಾಲಜಿ ಬೇಕು. ಇದೆಲ್ಲ ಚಾರ್ಟಿನಲ್ಲಿ ಹಾಕಬಹುದು. ಬಸ್ಸಿನ ಟೈಮ್ ಯಾವ ಚಾರ್ಟಿನಲ್ಲೂ ಇಲ್ಲ. ಹಳೇ ದಾಖಲಾತಿ ಪುಸ್ತಕ ತೆಗೆದು ನೋಡಿದೆ. ಆ ದಾರಿಯ ಊರುಗಳಿಂದ ಸೈನ್ಸಿಗೆ ಸೇರಿದ ಹುಡುಗಿಯರು ಬೆರಳೆಣಿಕೆ. ಅವರಿಗೆ ಸೈನ್ಸಿನಲ್ಲಿ ಆಸಕ್ತಿ ಕಮ್ಮಿ ಅಂತ ಸ್ಟಾಫ್ ರೂಮಿನಲ್ಲಿ ನಾವೇ ಮಾತಾಡಿಕೊಂಡಿದ್ದೆವು.

ಅರ್ಜಿಯಲ್ಲೇ ‘ಕೊನೇ ಬಸ್ ಎಷ್ಟಕ್ಕೆ’ ಅಂತ ಒಂದು ಕಾಲಂ ಹಾಕೋಣ ಅಂದೆ. ನಮೂನೆ ಬದಲಾಯಿಸೋ ಅಧಿಕಾರ ನಮಗಿಲ್ಲ ಅಂದರು ಪ್ರಿನ್ಸಿಪಾಲರು. ಹಾಗಾಗಿ ಅರ್ಜಿಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇವೆ. ಇನ್ನೊಂದು ದಾರಿಯ ಮಕ್ಕಳಿಗೆ ಎರಡೂವರೆಗೇ ಕೊನೇ ಬಸ್ಸು. ಅದಕ್ಕೆ ಎ ಬ್ಯಾಚೂ ಸಾಲಲ್ಲ, ಕೊನೇ ಪೀರಿಯಡ್ಡೇ ಹೋಗುತ್ತದೆ. ಬಸ್ ಡಿಪೋಗೆ ಮನವಿ ಕೊಟ್ಟಿದ್ದೇವೆ. ಸರ್ವೇ ಮಾಡ್ತೀವಿ ಅಂದಿದ್ದಾರೆ.